ಒಂದರ ಮೇಲೊಂದು ಕಂಡೀಷನರ್: ಕೊಡಗಿನ ಗಾಳಿಯಲ್ಲಿ ಗುಂಗುರು ಕೂದಲಿನ ತಲೆಸ್ನಾನ

ಜೂನ್‌ನಲ್ಲಿ ಮಳೆ ಹಿಡಿಯಿತೆಂದರೆ ಭಾಗಮಂಡಲ, ಮಡಿಕೇರಿ, ವಿರಾಜಪೇಟೆ ಕಡೆ ಒಗೆದ ಬಟ್ಟೆ ಮೂರು ದಿನ ಹಗ್ಗದ ಮೇಲಿದ್ದರೂ ಹಸಿಯಾಗಿಯೇ ಇರುತ್ತದೆ. ಕೂದಲಿಗೂ ಸಿಗುವುದು ಅದೇ ಗಾಳಿ. ಗುಂಗುರು ಕೂದಲಿನವರು ಮೊಬೈಲಿನಲ್ಲಿ ನೋಡಿದ ಪ್ರಕಾರ ಶಾಂಪೂ ಆದ ಮೇಲೆ ಕಂಡೀಷನರ್, ಅದರ ಮೇಲೆ ಮಾಸ್ಕ್ (ಹೆಚ್ಚು ಹೊತ್ತು ಬಿಟ್ಟು ತೊಳೆಯುವ ಕಂಡೀಷನರ್), ಅದರ ಮೇಲೆ ಲೀವ್-ಇನ್ (ಹಚ್ಚಿ ತೊಳೆಯದೆ ಬಿಡುವ ಕಂಡೀಷನರ್), ಮತ್ತೆ ಕ್ರೀಮ್, ಕೊನೆಗೆ ಎಣ್ಣೆ ಎಂದು ಹಚ್ಚಿಕೊಂಡು ಕೂರುತ್ತಾರೆ. ಸಂಜೆಯಾದರೂ ತಲೆ ಒಣಗುವುದಿಲ್ಲ. ಮರುದಿನ ಮುಗ್ಗಲು ವಾಸನೆ, ನೆತ್ತಿಯಲ್ಲಿ ತುರಿಕೆ. ಕಂಡೀಷನರ್ ತಮಗೆ ಆಗಿಬರುವುದಿಲ್ಲ ಎಂದು ಅಲ್ಲಿಗೇ ಕೈಬಿಡುತ್ತಾರೆ. ನಿಜವಾಗಿ ಆಗಿಬರದಿರುವುದು ಆ ಪದರಗಳ ಲೆಕ್ಕ. ಪ್ರತಿಯೊಂದು ಪದರಕ್ಕೂ ಅದರ ಹಿಂದಿನದು ಮಾಡಲಾಗದ ಒಂದು ಕೆಲಸ ಇರಬೇಕು. ಕೆಲಸವಿಲ್ಲದ ಪದರ ಕೂದಲ ಮೇಲೆ ಬರೀ ಭಾರ.

ಇಲ್ಲಿ ಮೊದಲು ಒಂದು ವಿಷಯ ತಿಳಿದಿರಬೇಕು. ‘ವಾಷ್ ಡೇ’, ಅಂದರೆ ತಲೆಸ್ನಾನಕ್ಕೇ ಮೀಸಲಿಟ್ಟ ದಿನ, ಎಂಬ ಮಾತು, ನಾಲ್ಕೈದು ಪದರಗಳ ಈ ಪದ್ಧತಿ ಬೆಳೆದದ್ದು ಮುಖ್ಯವಾಗಿ ಆಫ್ರಿಕನ್ ಮೂಲದ ಅಮೆರಿಕನ್ ಮಹಿಳೆಯರ ನಡುವೆ. ರಾಸಾಯನಿಕ ಹಾಕಿ ನೇರ ಮಾಡಿಸದೆ, ಹುಟ್ಟಿನಿಂದ ಬಂದ ಸುರುಳಿಯನ್ನೇ ಉಳಿಸಿಕೊಂಡ ಕೂದಲಿಗೆ ಅವರು ‘ನ್ಯಾಚುರಲ್ ಹೇರ್’ ಎನ್ನುತ್ತಾರೆ. ಅವರಲ್ಲಿ ಅನೇಕರ ಸುರುಳಿ ಪೆನ್ನಿನ ಸ್ಪ್ರಿಂಗಿನಷ್ಟು, ಕೆಲವೊಮ್ಮೆ ಅದಕ್ಕಿಂತಲೂ ಬಿಗಿ. ನೆತ್ತಿಯ ಚರ್ಮದಲ್ಲಿ ಹುಟ್ಟುವ ಜಿಡ್ಡು ಅಷ್ಟೊಂದು ತಿರುವುಗಳನ್ನು ದಾಟಿ ತುದಿಯವರೆಗೆ ಇಳಿಯುವುದಿಲ್ಲ. ಪ್ರತಿ ತಿರುವಿನಲ್ಲೂ ಎಳೆಯ ಹೊರಕವಚಕ್ಕೆ ಒತ್ತಡ ಬೀಳುತ್ತದೆ. ಅಂಥ ಕೂದಲಿಗೆ ಲೀವ್-ಇನ್, ಎಣ್ಣೆ, ಕ್ರೀಮ್ ಮೂರೂ ಬೇಕಾಗುತ್ತವೆ, ಅದೂ ಕೈತುಂಬ. ನಮ್ಮ ರಾಜ್ಯದಲ್ಲಿ ಹಳಿಯಾಳ, ಯಲ್ಲಾಪುರ ಕಡೆಯ, ಆಫ್ರಿಕನ್ ಮೂಲದ ಸಿದ್ದಿ ಸಮುದಾಯದ ಅನೇಕರಿಗೆ ಆ ಲೆಕ್ಕ ಸರಿಹೊಂದೀತು. ಕೊಡಗಿನಲ್ಲಿ ಹೆಚ್ಚಾಗಿ ಕಾಣುವುದು ಅಲೆಅಲೆಯ ಕೂದಲು, ಇಲ್ಲವೇ ಬೆರಳಿಗೆ ಸುತ್ತಿದಷ್ಟು ದೊಡ್ಡ ಸುರುಳಿ. ಇಂಥ ಕೂದಲಿಗೂ ಪದ್ಧತಿ ಅದೇ ಆಗಬಹುದು, ಅಳತೆ ಮಾತ್ರ ಅದೇ ಆಗಬಾರದು. ವಿಡಿಯೊದಲ್ಲಿ ಕಂಡ ಪ್ರಮಾಣದ ಮೂರನೇ ಒಂದು ಭಾಗದಿಂದ ಶುರುಮಾಡುವುದು ಸುರಕ್ಷಿತ.

ಕಂಡೀಷನರ್ ಕೂದಲಿಗೆ ಅಂಟುವುದು ಹೇಗೆ

ಒಂದು ಎಳೆ ಕೂದಲನ್ನು ದೊಡ್ಡದಾಗಿಸಿ ನೋಡಿದರೆ ಮೇಲ್ಮೈಯಲ್ಲಿ ಹೆಂಚಿನ ಮಾಡಿನಂತೆ ಒಂದರ ಮೇಲೊಂದು ಮಲಗಿದ ಚಿಪ್ಪುಗಳು ಕಾಣುತ್ತವೆ. ಬುಡದ ಕಡೆ ಆ ಚಿಪ್ಪುಗಳ ಮೇಲೆ ಹುಟ್ಟಿನಿಂದ ಬಂದ ತೆಳುವಾದ ಕೊಬ್ಬಿನ ಹೊದಿಕೆ ಇರುತ್ತದೆ, ಅದರಿಂದ ನೀರು ಜಾರುತ್ತದೆ. ವರ್ಷಗಟ್ಟಲೆ ಬಾಚಿ, ತೊಳೆದು, ಬಿಸಿಲಿಗೆ ಒಡ್ಡಿ, ಬಣ್ಣ ಹಾಕಿ ತುದಿಯ ಹೊತ್ತಿಗೆ ಆ ಹೊದಿಕೆ ಸವೆದಿರುತ್ತದೆ. ಸವೆದ ಜಾಗದಲ್ಲಿ ಋಣ ವಿದ್ಯುದಂಶ ಹೆಚ್ಚು. ಕಂಡೀಷನರಿನಲ್ಲಿರುವ ಮುಖ್ಯ ವಸ್ತುವಿಗೆ ಧನ ವಿದ್ಯುದಂಶ. ಬಾಟಲಿಯ ಹಿಂದೆ ಬೆಹೆನ್‌ಟ್ರೈಮೋನಿಯಂ, ಸೆಟ್ರಿಮೋನಿಯಂ ಎಂದು ‘ಮೋನಿಯಂ’ ಸೇರಿದ ಹೆಸರು ಇರುತ್ತದಲ್ಲ, ಅದೇ ಇದು. ಎರಡೂ ಒಂದನ್ನೊಂದು ಸೆಳೆಯುತ್ತವೆ. ಹಾಗಾಗಿ ಕಂಡೀಷನರ್ ತಾನಾಗಿಯೇ ಹಾಳಾದ ತುದಿಗೆ ಹೆಚ್ಚು, ಆರೋಗ್ಯವಾದ ಬುಡಕ್ಕೆ ಕಡಿಮೆ ಹಿಡಿಯುತ್ತದೆ. ಜೊತೆಗಿರುವ ಸೆಟೈಲ್, ಸೆಟಿಯರೈಲ್ ಆಲ್ಕೋಹಾಲ್‌ಗಳು ಮೇಣದಂಥ ಕೊಬ್ಬಿನ ವಸ್ತುಗಳು. ಹೆಸರಿನಲ್ಲಿ ಆಲ್ಕೋಹಾಲ್ ಇದ್ದರೂ ಅವು ಕೂದಲನ್ನು ಒಣಗಿಸುವುದಿಲ್ಲ. ಆ ಹೆಸರು ನೋಡಿ ಬಾಟಲಿಯನ್ನು ಅಂಗಡಿಯಲ್ಲೇ ಬಿಟ್ಟು ಬರಬೇಡಿ.

ಪದರಗಳ ಲೆಕ್ಕ ಹುಟ್ಟುವುದು ಇಲ್ಲಿಂದ. ಕೂದಲ ಮೇಲೆ ಕಂಡೀಷನರ್ ಕೂರುವ ಜಾಗಕ್ಕೆ ಮಿತಿ ಇದೆ. ಮೊದಲ ಕಂಡೀಷನರ್ ಆ ಜಾಗಗಳನ್ನು ತುಂಬಿದ ಮೇಲೆ ಅದೇ ಬಗೆಯ ಇನ್ನೊಂದನ್ನು ಹಚ್ಚಿದರೆ ಹೆಚ್ಚಿನ ಭಾಗ ನೀರಿನ ಜೊತೆ ಚರಂಡಿಗೆ ಹೋಗುತ್ತದೆ, ಉಳಿದದ್ದು ಜಿಡ್ಡಾಗಿ ಕೂರುತ್ತದೆ. ಎರಡು ಕಂಪನಿಯ ಎರಡು ಬಾಟಲಿ ಎಂದ ಮಾತ್ರಕ್ಕೆ ಅವು ಎರಡು ಪದರ ಆಗುವುದಿಲ್ಲ. ಹಿಂಬದಿಯ ಪಟ್ಟಿಯಲ್ಲಿ ಮೊದಲ ಐದು ಹೆಸರು ಓದಿ. ಎರಡರಲ್ಲೂ ಅವೇ ಇದ್ದರೆ ನಿಮ್ಮ ಕೈಯಲ್ಲಿರುವುದು ಒಂದೇ ಕಂಡೀಷನರ್.

ಇದೇ ಕಾರಣಕ್ಕೆ ಶಾಂಪೂ ಪೂರ್ತಿ ಹೋಗಿರಬೇಕು. ಸಾಮಾನ್ಯ ಶಾಂಪೂವಿನ ನೊರೆ ಬರಿಸುವ ವಸ್ತುವಿಗೆ ಋಣ ವಿದ್ಯುದಂಶ. ಅದು ಕೂದಲಲ್ಲಿ ಉಳಿದಿದ್ದರೆ ಕಂಡೀಷನರ್ ಕೂದಲನ್ನು ಬಿಟ್ಟು ಅದಕ್ಕೇ ಅಂಟಿಕೊಂಡು ಕೆನೆಯಂಥ ಗಸಿಯಾಗುತ್ತದೆ. ತೊಳೆದ ಕೂದಲು ಮೇಣ ಸವರಿದಂತೆ ಅಂಟಂಟಾಗಿದ್ದರೆ ಅನೇಕ ಸಲ ತಪ್ಪು ಕಂಡೀಷನರಿನದ್ದಲ್ಲ. ಅದಕ್ಕೆ ಮುಂಚಿನ ಎರಡು ಚೊಂಬು ನೀರು ಕಡಿಮೆಯಾಗಿರುತ್ತದೆ.

ಪದರಗಳ ಕ್ರಮ

ಮುಂದಿನ ಅಳತೆಗಳು ಭುಜದವರೆಗೆ ಬರುವ, ಮಧ್ಯಮ ದಟ್ಟಣೆಯ ಗುಂಗುರು ಕೂದಲಿಗೆ. ಒಂದು ಟೀ ಚಮಚ ಎಂದರೆ 5 ಮಿ.ಲೀ. ಸೊಂಟದವರೆಗಿನ ಕೂದಲಿಗೆ ಒಂದೂವರೆಯಿಂದ ಎರಡು ಪಟ್ಟು ತೆಗೆದುಕೊಳ್ಳಿ. ಎಳೆ ರೇಷ್ಮೆಯಂತೆ ತೆಳುವಾಗಿದ್ದರೆ ಅರ್ಧಕ್ಕೆ ಇಳಿಸಿ.

ಮೊದಲ ಪದರ ಶಾಂಪೂವಿಗೂ ಮುಂಚಿನದು, ಮತ್ತು ಅದು ನಮ್ಮ ಮನೆಗಳಲ್ಲಿ ಮೊದಲಿನಿಂದಲೂ ಇದೆ: ತೆಂಗಿನೆಣ್ಣೆ. ಕೂದಲು ನೀರು ಕುಡಿದು ಉಬ್ಬುತ್ತದೆ, ಒಣಗಿ ಕುಗ್ಗುತ್ತದೆ. ಉಬ್ಬಿದಾಗ ತೊಳೆದರೆ ಒಳಗಿನ ಪ್ರೋಟೀನ್ ಸ್ವಲ್ಪಸ್ವಲ್ಪ ಕರಗಿ ಹೋಗುತ್ತದೆ. ತೆಂಗಿನೆಣ್ಣೆಯ ಲಾರಿಕ್ ಆಮ್ಲದ ಕಣ ಚಿಕ್ಕದು, ನೇರ. ಅದು ಎಳೆಯ ಒಳಗೆ ಇಳಿಯಬಲ್ಲದು. ತೆಂಗಿನೆಣ್ಣೆ ಈ ಪ್ರೋಟೀನ್ ನಷ್ಟವನ್ನು ತಗ್ಗಿಸುತ್ತದೆ, ಸೂರ್ಯಕಾಂತಿ ಎಣ್ಣೆ ಮತ್ತು ಖನಿಜ ಎಣ್ಣೆ ತಗ್ಗಿಸುವುದಿಲ್ಲ ಎಂದು 2003ರಲ್ಲಿ ಪ್ರಕಟವಾದ ಭಾರತೀಯ ಸಂಶೋಧನೆಯೊಂದು ತೋರಿಸಿತು. ಒಂದರಿಂದ ಎರಡು ಟೀ ಚಮಚ ಎಣ್ಣೆಯನ್ನು ಒಣಕೂದಲಿನ ಉದ್ದಕ್ಕೆ ಸವರಿ, ಕನಿಷ್ಠ ಅರ್ಧ ಗಂಟೆ ಬಿಡಿ. ತಲೆಹೊಟ್ಟು ಇರುವವರು ನೆತ್ತಿಗೆ ಹಚ್ಚಬೇಡಿ. ಹೊಟ್ಟಿಗೆ ಕಾರಣವಾಗುವ ಶಿಲೀಂಧ್ರಕ್ಕೆ ಎಣ್ಣೆಯೇ ಆಹಾರ.

ಶಾಂಪೂ ಎರಡು ಟೀ ಚಮಚ ಸಾಕು, ಅದೂ ನೆತ್ತಿಗೆ ಮಾತ್ರ. ತೊಳೆಯುವಾಗ ಇಳಿದು ಬರುವ ನೊರೆಯೇ ಉದ್ದದ ಕೂದಲಿಗೆ ಆಗುತ್ತದೆ. ಹಂಡೆಯ ನೀರು ಬಳಸುವ ಮನೆಗಳಲ್ಲಿ ಒಂದು ಎಚ್ಚರ ಬೇಕು. ಚಳಿಗೆ ಹಿತವೆಂದು ಮೈಗೆ ಹುಯ್ದುಕೊಳ್ಳುವಷ್ಟು ಬಿಸಿ ತಲೆಗೆ ಬೇಡ. ಮೊಣಕೈಗೆ ಬೆಚ್ಚಗೆ ಅನ್ನಿಸುವ ನೀರು, ಅಂದರೆ 38ರಿಂದ 40 ಡಿಗ್ರಿ, ಸಾಕಾಗುತ್ತದೆ.

ಎರಡನೆಯ ಪದರ ಹಚ್ಚಿ ತೊಳೆದುಬಿಡುವ ಮಾಮೂಲು ಕಂಡೀಷನರ್. ಇಡೀ ದಿನದ ಕೆಲಸದಲ್ಲಿ ಬಿಡಲೇಬಾರದ ಪದರ ಇದೊಂದೇ. ನಾಲ್ಕರಿಂದ ಆರು ಟೀ ಚಮಚ ಬೇಕು. ಹಚ್ಚುವ ಮುಂಚೆ ಕೂದಲನ್ನು ಎರಡು ಕೈಯಿಂದ ಹಿಂಡಿ, ತೊಟ್ಟಿಕ್ಕುವ ನೀರು ತೆಗೆಯಿರಿ. ಇಲ್ಲದಿದ್ದರೆ ಹಚ್ಚಿದ್ದು ಹಾಗೆಯೇ ಜಾರಿ ಕಾಲ ಬಳಿ ಬೀಳುತ್ತದೆ. ಕಿವಿಯ ಮಟ್ಟದಿಂದ ಕೆಳಕ್ಕೆ ಹಚ್ಚಿ, ಬುಡದಿಂದ ಎರಡು ಮೂರು ಇಂಚು ಬಿಟ್ಟುಬಿಡಿ.

ಸಿಕ್ಕು ಬಿಡಿಸಬೇಕಾದದ್ದು ಈಗ, ಒಣಗಿದ ಮೇಲಲ್ಲ. ತಲೆಯನ್ನು ನಾಲ್ಕು ಭಾಗ ಮಾಡಿ, ಮೂರನ್ನು ಕ್ಲಿಪ್ಪಿನಿಂದ ಮೇಲೆ ಕಟ್ಟಿ. ಕೈಯಲ್ಲಿ ಉಳಿದ ಒಂದು ಹಿಡಿ ಕೂದಲಿಗೆ ಒಂದು ಟೀ ಚಮಚದಷ್ಟು ಕಂಡೀಷನರನ್ನು ಎರಡು ಅಂಗೈಗಳ ನಡುವೆ ಹಿಡಿದು, ಮೇಲಿಂದ ಕೆಳಕ್ಕೆ ಸವರಿ. ಮೊದಲು ಬೆಳ್ಳಗೆ ಗೆರೆಗೆರೆಯಾಗಿ ಕಾಣುತ್ತದೆ. ಬೆರಳಲ್ಲಿ ಸ್ವಲ್ಪ ನೀರು ಅದ್ದಿ ಮತ್ತೆ ಸವರಿ. ಏಳೆಂಟು ಸಲ ಸವರುವಷ್ಟರಲ್ಲಿ ಬಿಳುಪು ಹೋಗಿ, ಎಳೆಗಳು ಒಂದಕ್ಕೊಂದು ಅಂಟಿ ಪಟ್ಟಿಗಳಾಗಿ, ಬಸಳೆ ಕತ್ತರಿಸಿದಾಗ ಬೆರಳಿಗೆ ತಾಗುವ ಲೋಳೆಯ ನುಣುಪು ಬರುತ್ತದೆ. ಆ ನುಣುಪು ಬಂದ ಮೇಲೆ ಅಗಲ ಹಲ್ಲಿನ ಬಾಚಣಿಗೆಯನ್ನು ತುದಿಯಿಂದ ಎರಡು ಇಂಚು ಮೇಲಿಟ್ಟು ಎಳೆಯಿರಿ. ಸಲೀಸಾಗಿ ಇಳಿದರೆ ಇನ್ನೆರಡು ಇಂಚು ಮೇಲಕ್ಕೆ ಹೋಗಿ. ಸಿಕ್ಕು ತಡೆದರೆ ಎಳೆಯದೆ, ಆ ಗಂಟಿಗೆ ಇನ್ನೊಂದು ಬೊಟ್ಟು ಕಂಡೀಷನರ್ ಇಟ್ಟು ಬೆರಳಿನಿಂದ ಬಿಡಿಸಿ. ಒದ್ದೆಯಾದ ಕೂದಲು ಹಿಗ್ಗುತ್ತದೆ, ಆದರೆ ಅದರ ಬಲ ಒಣಕೂದಲಿಗಿಂತ ಕಡಿಮೆ. ಜೋರಾಗಿ ಎಳೆದರೆ ತುಂಡಾಗುವುದು ಗೊತ್ತಾಗುವುದೇ ಇಲ್ಲ, ಸದ್ದೂ ಬರುವುದಿಲ್ಲ. ನಾಲ್ಕು ಭಾಗ ಮುಗಿಯುವ ಹೊತ್ತಿಗೆ ಎರಡು ಮೂರು ನಿಮಿಷವಾದರೂ ಆಗಿರುತ್ತದೆ. ಈ ಪದರಕ್ಕೆ ಅಷ್ಟು ಸಮಯ ಸಾಕು.

ಮೂರನೆಯದು ಡೀಪ್ ಕಂಡೀಷನರ್ ಅಥವಾ ಮಾಸ್ಕ್. ಇದು ಪ್ರತಿ ವಾರದ ಪದರವಲ್ಲ. ಬಣ್ಣ ಹಾಕಿದ, ನೇರ ಮಾಡಿಸಿ ಬಿಟ್ಟ, ತುದಿ ಒರಟಾದ ಕೂದಲಿಗೆ ಎರಡು ವಾರಕ್ಕೊಮ್ಮೆ, ಆರೋಗ್ಯವಾಗಿದ್ದರೆ ತಿಂಗಳಿಗೊಮ್ಮೆ ಸಾಕು. ಮಾಸ್ಕ್ ಹಾಕುವ ದಿನ ಎರಡನೆಯ ಪದರಕ್ಕೆ ಹಗುರವಾದ, ಕಡಿಮೆ ಬೆಲೆಯ ಕಂಡೀಷನರ್ ತೆಗೆದುಕೊಂಡು ಸಿಕ್ಕು ಬಿಡಿಸಲಷ್ಟೇ ಬಳಸಿ, ಚೆನ್ನಾಗಿ ತೊಳೆದು, ಕೂದಲು ಹಿಂಡಿ, ಆಮೇಲೆ ಎರಡು ದೊಡ್ಡ ಚಮಚ ಮಾಸ್ಕ್ ಹಚ್ಚಿ. ನೀರು ಹಿಂಡದೆ ಹಚ್ಚಿದ ಮಾಸ್ಕ್ ನೀರಾಗಿ, ಮಾಮೂಲು ಕಂಡೀಷನರಿನಷ್ಟೇ ಕೆಲಸ ಮಾಡುತ್ತದೆ. ಪ್ಲಾಸ್ಟಿಕ್ ಟೋಪಿ ಹಾಕಿ, ಮೇಲೆ ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆ ಸುತ್ತಿ, 15ರಿಂದ 20 ನಿಮಿಷ ಬಿಡಿ. ಬೆಚ್ಚಗಿದ್ದರೆ ಮೇಣದಂಥ ಭಾಗ ಮೆತ್ತಗಾಗಿ ಸಮನಾಗಿ ಹರಡುತ್ತದೆ. ಅರ್ಧ ಗಂಟೆ ದಾಟಿದ ಮೇಲೆ ಹೇಳಿಕೊಳ್ಳುವಂಥ ಲಾಭವಿಲ್ಲ. ರಾತ್ರಿಯಿಡೀ ಮಾಸ್ಕ್ ಕಟ್ಟಿಕೊಂಡು ಮಲಗುವುದು ಮಡಿಕೇರಿಯ ಚಳಿಯಲ್ಲಂತೂ ಖಂಡಿತ ಬೇಡ. ಕೂದಲು ಅಷ್ಟು ಹೊತ್ತು ಉಬ್ಬಿದ ಸ್ಥಿತಿಯಲ್ಲೇ ಇರುತ್ತದೆ, ನೆತ್ತಿಯೂ ಹಸಿಯಾಗಿರುತ್ತದೆ.

ಮಾಸ್ಕ್‌ಗಳಲ್ಲಿ ಎರಡು ಬಗೆ ಇವೆ, ಅವನ್ನು ಬೆರೆಸಿ ನೋಡಬಾರದು. ಒಂದು ಮೃದುಗೊಳಿಸುವಂಥದ್ದು, ಕೊಬ್ಬು ಮತ್ತು ಎಣ್ಣೆ ಹೆಚ್ಚಿರುವುದು. ಇನ್ನೊಂದು ಪ್ರೋಟೀನಿನದ್ದು. ಪಟ್ಟಿಯಲ್ಲಿ ‘ಹೈಡ್ರೊಲೈಸ್ಡ್’ ಎಂಬ ಮಾತಿನ ಜೊತೆ ಗೋಧಿ, ಅಕ್ಕಿ, ರೇಷ್ಮೆ, ಕೆರಾಟಿನ್ ಹೆಸರು ಇರುತ್ತದೆ. ಒಡೆದು ಚಿಕ್ಕದು ಮಾಡಿದ ಪ್ರೋಟೀನ್ ಎಂದು ಅದರ ಅರ್ಥ. ಒಂದು ಒದ್ದೆ ಎಳೆಯನ್ನು ಎರಡು ಕೈಯಲ್ಲಿ ಹಿಡಿದು ಮೆಲ್ಲಗೆ ಎಳೆದು ನೋಡಿ. ಹಿಗ್ಗಿ ವಾಪಸ್ಸು ಬಂದರೆ ಏನೂ ಬೇಡ. ಹಿಗ್ಗುತ್ತಲೇ ಹೋಗಿ ಸೋತ ರಬ್ಬರಿನಂತೆ ಉಳಿದರೆ ಪ್ರೋಟೀನ್ ನೆರವಾಗಬಹುದು. ಹಿಗ್ಗದೆ ಪಟ್ಟನೆ ತುಂಡಾದರೆ ಮೃದುಗೊಳಿಸುವ ಮಾಸ್ಕ್ ಬೇಕು. ಪ್ರಯೋಗಾಲಯದ ಪರೀಕ್ಷೆಯಷ್ಟು ಖಚಿತವಲ್ಲದಿದ್ದರೂ ಯಾವ ಡಬ್ಬಿಗೆ ಕೈಹಾಕಬೇಕು ಎಂಬುದನ್ನು ಇದು ಹೇಳುತ್ತದೆ. ಪ್ರೋಟೀನ್ ಹಾಕಿದ ದಿನ ಅದನ್ನು ಪೂರ್ತಿ ತೊಳೆದು, ಅದರ ಮೇಲೆ ಮೃದುವಾದ ಕಂಡೀಷನರ್ ಹಚ್ಚಲೇಬೇಕು. ಒಂದರ ಮೇಲೊಂದು ಹಚ್ಚಿದ್ದಕ್ಕೆ ನಿಜವಾದ ಅರ್ಥ ಬರುವುದು ಇಂಥ ಕಡೆ: ಮೊದಲನೆಯದು ಬಲ ಕೊಟ್ಟು ಕೂದಲನ್ನು ಬಿರುಸಾಗಿಸುತ್ತದೆ, ಎರಡನೆಯದು ಆ ಬಿರುಸನ್ನು ಇಳಿಸುತ್ತದೆ. ನಾಲ್ಕರಿಂದ ಆರು ವಾರಕ್ಕೊಮ್ಮೆಗಿಂತ ಹೆಚ್ಚು ಪ್ರೋಟೀನ್ ಹಾಕಿದರೆ ಕೂದಲು ಪೊರಕೆ ಕಡ್ಡಿಯಂತಾಗುತ್ತದೆ.

ನಾಲ್ಕನೆಯದು ಲೀವ್-ಇನ್, ಅಂದರೆ ಹಚ್ಚಿ ತೊಳೆಯದೆ ಬಿಡುವಂಥದ್ದು. ಮಾಮೂಲು ಕಂಡೀಷನರನ್ನೇ ತೊಳೆಯದೆ ಬಿಟ್ಟರೆ ಆಗದೇ ಎಂದು ಕೇಳುವವರಿದ್ದಾರೆ. ತೊಳೆಯುವ ಕಂಡೀಷನರಿನಲ್ಲಿ ಧನಾಂಶದ ವಸ್ತು ಹೆಚ್ಚಿರುತ್ತದೆ. ಚರ್ಮಕ್ಕೆ ತಾಗಿಕೊಂಡು ದಿನಗಟ್ಟಲೆ ಇದ್ದರೆ ಹಲವರಿಗೆ ಕುತ್ತಿಗೆ, ಹಣೆಯಲ್ಲಿ ಗುಳ್ಳೆ, ತುರಿಕೆ ಬರುತ್ತದೆ. ಲೀವ್-ಇನ್ ತಯಾರಾಗುವುದೇ ಹಗುರವಾಗಿ. ಒಂದು ಟೀ ಚಮಚ ಸಾಕು. ಅಂಗೈಯಲ್ಲಿ ಪೂರ್ತಿ ಉಜ್ಜಿ, ಒದ್ದೆ ಕೂದಲಿನ ಕೆಳಗಿನ ಅರ್ಧಕ್ಕೆ ಸವರಿ, ತುದಿಯಿಂದ ಮೇಲಕ್ಕೆ ಹಿಡಿಹಿಡಿಯಾಗಿ ಹಿಂಡಿ. ಹಿಂಡುವಾಗ ಪಚಕ್ ಪಚಕ್ ಎಂಬ ಸದ್ದು ಬರಬೇಕು. ಸದ್ದಿಲ್ಲದಿದ್ದರೆ ನೀರು ಸಾಲದು. ಆಗ ಇನ್ನಷ್ಟು ಲೀವ್-ಇನ್ ಹಾಕಲು ಹೋಗದೆ ಒಂದು ಬೊಗಸೆ ನೀರು ಚಿಮುಕಿಸಿ.

ಕೊನೆಯ ಎಣ್ಣೆಯ ಪದರ ಅಲೆಕೂದಲಿನವರಿಗೆ ಬೇಕಿಲ್ಲ. ಬಿಗಿ ಗುಂಗುರಿನವರು ಮೂರರಿಂದ ಐದು ಹನಿ ತುದಿಗೆ ಮುಟ್ಟಿಸಬಹುದು. ಈ ಕೊನೆಯ ಎಣ್ಣೆ ಯಾವಾಗಲೂ ನೀರಿನ ಪದರಗಳು ಮುಗಿದ ಮೇಲೆಯೇ. ಮೊದಲೇ ಹಚ್ಚಿದರೆ ಮೇಲಿನಿಂದ ಬರುವ ಲೀವ್-ಇನ್ ಎಳೆ ಮುಟ್ಟದೆ ಎಣ್ಣೆಯ ಮೇಲೇ ಜಾರಾಡುತ್ತದೆ. ತೆಂಗಿನೆಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ. 1,100 ಮೀಟರಿಗೂ ಎತ್ತರದಲ್ಲಿರುವ ಮಡಿಕೇರಿಯಲ್ಲಿ ಡಿಸೆಂಬರ್ ಬೆಳಗ್ಗೆ ಬಾಟಲಿಯಲ್ಲಿ ಬೆಣ್ಣೆಯಾಗಿ ಕೂರುವ ಎಣ್ಣೆ ತಣ್ಣನೆಯ ತುದಿಯ ಮೇಲೂ ಮಂಕಾಗಿ ಕೂರುತ್ತದೆ. ಆ ತಿಂಗಳುಗಳಲ್ಲಿ ಈ ಕೊನೆಯ ಪದರಕ್ಕೆ ಬಾದಾಮಿ ಎಣ್ಣೆ ವಾಸಿ.

ಹಿತ್ತಲು ಮತ್ತು ಅಡುಗೆಮನೆಯ ಕಂಡೀಷನರ್‌ಗಳು

ದಾಸವಾಳದ ಎಲೆ, ನೆನೆಸಿ ರುಬ್ಬಿದ ಮೆಂತ್ಯ: ಇವೆರಡೂ ಲೋಳೆಯ ಬಲದಿಂದ ಕೆಲಸ ಮಾಡುತ್ತವೆ. ಲೋಳೆ ಎಳೆಗಳ ನಡುವೆ ಜಾರು ತರುತ್ತದೆ, ಸಿಕ್ಕು ಬಿಡುತ್ತದೆ. ಆದರೆ ಅದಕ್ಕೆ ಕಂಡೀಷನರಿನ ಧನ ವಿದ್ಯುದಂಶವಿಲ್ಲ, ಹಾಗಾಗಿ ನೀರು ಹುಯ್ದೊಡನೆ ಬಹುಪಾಲು ಹೊರಟುಹೋಗುತ್ತದೆ. ಅದನ್ನು ದೋಷ ಎನ್ನಬೇಕಿಲ್ಲ. ಶಾಂಪೂವಿಗೆ ಮುಂಚಿನ ಪದರವಾಗಿ, ತೆಂಗಿನೆಣ್ಣೆಯ ಮೇಲೆ, ದಾಸವಾಳದ ಲೋಳೆ ತುಂಬಾ ಚೆನ್ನಾಗಿ ಹೊಂದುತ್ತದೆ. ಒಂದು ಹಿಡಿ ಎಲೆಯನ್ನು ಅರ್ಧ ಲೀಟರ್ ನೀರಿನಲ್ಲಿ ಕಿವುಚಿ, ತೆಳುವಾದ ಬಟ್ಟೆಯಲ್ಲಿ ಸೋಸಿಯೇ ಬಳಸಿ. ಸೋಸದಿದ್ದರೆ ಎಲೆಚೂರು ಸುರುಳಿಯೊಳಗೆ ಸಿಕ್ಕಿಕೊಂಡು, ಅದನ್ನು ಬಿಡಿಸುವುದೇ ಹೊಸ ಸಿಕ್ಕಾಗುತ್ತದೆ. ಸೀಗೆಕಾಯಿ, ಅಂಟುವಾಳ ತೊಳೆಯುವ ವಸ್ತುಗಳು, ಅವನ್ನು ಕಂಡೀಷನರಿನ ಜಾಗದಲ್ಲಿ ಇಡಬಾರದು.

ಮೊಟ್ಟೆ ಹಾಕಿದರೆ ಪ್ರೋಟೀನ್ ಸಿಗುತ್ತದೆ ಎಂಬ ನಂಬಿಕೆ ಬಲವಾಗಿದೆ. ಮೊಟ್ಟೆಯ ಪ್ರೋಟೀನ್ ಕಣ ಕೂದಲಿನೊಳಗೆ ಇಳಿಯಲಾರದಷ್ಟು ದೊಡ್ಡದು. ಹಳದಿಯ ಕೊಬ್ಬು ಸ್ವಲ್ಪ ಮೃದುತನ ಕೊಡುತ್ತದೆ, ಅಷ್ಟೇ. ಅದರ ಮೇಲೆ ಹಂಡೆಯ ಬಿಸಿನೀರು ಬಿದ್ದರೆ ಬಿಳಿಭಾಗ ಬೆಂದು ಎಳೆಎಳೆಗೂ ಹಿಡಿದುಕೊಳ್ಳುತ್ತದೆ. ಮೊಸರಿನದ್ದೂ ಹೆಚ್ಚುಕಡಿಮೆ ಇದೇ ಕಥೆ: ಆಮ್ಲ, ಕೊಬ್ಬು ಇದೆ, ಒಳಗಿಳಿಯುವ ಪ್ರೋಟೀನ್ ಇಲ್ಲ.

ಹುಳಿನೀರಿನ ತೊಳೆತಕ್ಕೆ ಅರ್ಥವಿದೆ, ಕೂದಲಿಗೆ ಆಮ್ಲೀಯ ವಾತಾವರಣ ಒಗ್ಗುತ್ತದೆ. ಕಂಡೀಷನರ್‌ಗಳ ಪಿಎಚ್ (ಆಮ್ಲೀಯತೆಯ ಅಳತೆ) ಸಾಮಾನ್ಯವಾಗಿ 3.5ರಿಂದ 5ರ ನಡುವೆ ಇರುವುದೂ ಅದಕ್ಕೇ. ಒಂದು ಲೀಟರ್ ನೀರಿಗೆ ಒಂದು ದೊಡ್ಡ ಚಮಚ ವಿನಿಗರ್ ಬೆರೆಸಿ, ಕಂಡೀಷನರಿಗಿಂತ ಮುಂಚೆ ಹುಯ್ದುಕೊಳ್ಳಬಹುದು. ಮನೆಯಲ್ಲಿ ಕಾಚಂಪುಳಿ ಇದೆಯಲ್ಲ, ಅದೇ ಆದೀತೇ ಎಂದರೆ ಬೇಡ. ಕಾಯಿಸಿ ಕಾಯಿಸಿ ಗಟ್ಟಿ ಮಾಡಿದ ಹುಳಿ ಅದು. ಮನೆಯಿಂದ ಮನೆಗೆ ಅದರ ತೀಕ್ಷ್ಣತೆ ಬೇರೆ, ಎಷ್ಟು ನೀರಿಗೆ ಎಷ್ಟು ಎಂದು ಅಂದಾಜಿಸಲಾಗದು. ನೆತ್ತಿ ಉರಿಯುತ್ತದೆ, ಕಪ್ಪು ಕಲೆ ಬಟ್ಟೆಗೆ ಹಿಡಿಯುತ್ತದೆ.

ಮಳೆಗಾಲಕ್ಕೆ ಒಂದು ಲೆಕ್ಕ, ಒಣಹವೆಗೆ ಇನ್ನೊಂದು

ಲೀವ್-ಇನ್‌ಗಳಲ್ಲಿ ಸಾಮಾನ್ಯವಾಗಿ ಗ್ಲಿಸರಿನ್ ಇರುತ್ತದೆ. ಗ್ಲಿಸರಿನ್ ಸುತ್ತಲಿನ ತೇವವನ್ನು ಎಳೆದುಕೊಳ್ಳುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿನ ಗಾಳಿಯಲ್ಲಿ ತೇವ ತುಂಬಿ ತುಳುಕುತ್ತಿರುತ್ತದೆ. ಗ್ಲಿಸರಿನ್ ಆ ತೇವವನ್ನು ಕೂದಲಿಗೆ ತಂದು ತುಂಬಿ, ಎಳೆ ಉಬ್ಬಿ, ಸುರುಳಿ ಬಿಚ್ಚಿ, ತಲೆ ಹತ್ತಿಯ ಮೂಟೆಯಂತಾಗುತ್ತದೆ. ಇದನ್ನು ಒಣಕಲು ಎಂದು ತಪ್ಪಾಗಿ ತಿಳಿದು ಮತ್ತಷ್ಟು ಲೀವ್-ಇನ್ ಹಚ್ಚುವವರೇ ಹೆಚ್ಚು. ಮಳೆಗಾಲದಲ್ಲಿ ಪಟ್ಟಿಯ ಮೊದಲ ಐದರಲ್ಲಿ ಗ್ಲಿಸರಿನ್ ಇರುವ ಲೀವ್-ಇನ್ ಪಕ್ಕಕ್ಕಿಡಿ. ಇಲ್ಲವೇ ಲೀವ್-ಇನ್ ಪದರವನ್ನೇ ಬಿಟ್ಟು, ಎರಡನೆಯ ಪದರದ ಕಂಡೀಷನರನ್ನು ಶೇಕಡಾ 90ರಷ್ಟು ಮಾತ್ರ ತೊಳೆಯಿರಿ. ಅಂದರೆ ಬಸಳೆಯ ನುಣುಪು ಹೋಗಿ, ಒದ್ದೆ ರೇಷ್ಮೆಯ ನುಣುಪು ಉಳಿಯುವಷ್ಟು. ಈ ಕಾಲದಲ್ಲಿ ಡೈಮೆಥಿಕೋನ್, ಅಮೊಡೈಮೆಥಿಕೋನ್‌ನಂಥ ಸಿಲಿಕೋನ್ ಇರುವ ಕಂಡೀಷನರ್ ನಿಜಕ್ಕೂ ಉಪಕಾರಿ, ಹೊರಗಿನ ತೇವವನ್ನು ತಡೆಯುತ್ತದೆ. ಸಿಲಿಕೋನ್ ವಿಷವೆಂಬ ಪ್ರಚಾರಕ್ಕೆ ಕಿವಿಗೊಡಬೇಕಿಲ್ಲ. ಅದು ನೀರಿಗೆ ಹೋಗುವುದಿಲ್ಲ, ಶಾಂಪೂ ಬೇಕು. ನೆನಪಿಡಬೇಕಾದದ್ದು ಇಷ್ಟೇ.

ಡಿಸೆಂಬರ್‌ನಿಂದ ಫೆಬ್ರವರಿವರೆಗೆ, ಕಾಫಿ ಕೊಯ್ಲಿನ ದಿನಗಳಲ್ಲಿ, ಗಾಳಿ ಒಣ. ಕಣದಲ್ಲಿ ಕಾಫಿ ಒಣಗಿಸುವ ಬಿಸಿಲು ಕೂದಲನ್ನೂ ಒಣಗಿಸುತ್ತದೆ. ಮಾಸ್ಕ್, ಲೀವ್-ಇನ್, ಎಣ್ಣೆ ಎಲ್ಲಕ್ಕೂ ಕೆಲಸವಿರುವ ಕಾಲ ಅದು. ತೋಟದಲ್ಲಿ ತಲೆಗೆ ಬಟ್ಟೆ ಕಟ್ಟಿ ದುಡಿಯುವವರು ಲೀವ್-ಇನ್ ಹಚ್ಚಿ ಪೂರ್ತಿ ಒಣಗಿದ ಮೇಲೆಯೇ ಬಟ್ಟೆ ಕಟ್ಟಬೇಕು. ಹೂಮಳೆ ಬರುವ ಮಾರ್ಚ್, ಏಪ್ರಿಲ್‌ನಲ್ಲಿ ಬೆಳಗ್ಗೆ ಒಂದು ಹವೆ, ಸಂಜೆ ಒಂದು ಹವೆ. ಆಗ ಲೀವ್-ಇನ್ ಅರ್ಧ ಚಮಚಕ್ಕೆ ಇಳಿಸಿದರೆ ಸಾಕು.

ಮಳೆಗಾಲದಲ್ಲಿ ತಲೆಸ್ನಾನ ಬೆಳಗ್ಗೆಯೇ ಆಗಲಿ. ಒರಟು ಟವೆಲ್ಲಿನಿಂದ ಉಜ್ಜದೆ, ಹಳೆಯ ಹತ್ತಿ ಪಂಚೆ ಅಥವಾ ಟೀ ಶರ್ಟಿನಲ್ಲಿ ಹಿಂಡಿ ನೀರು ತೆಗೆಯಿರಿ. ಕರೆಂಟ್ ಇರುವಾಗಲೇ ಹೇರ್ ಡ್ರೈಯರನ್ನು ಕಡಿಮೆ ಬಿಸಿಯಲ್ಲಿ, ಒಂದು ಗೇಣು ದೂರ ಹಿಡಿದು ನೆತ್ತಿಯನ್ನು ಮೊದಲು ಒಣಗಿಸಿ. ತುದಿ ತಾನಾಗಿ ಒಣಗೀತು. ಒಲೆಯ ಮುಂದೆ ಕೂತು ಒಣಗಿಸಿದರೆ ಹೊಗೆಯ ವಾಸನೆ ಕಂಡೀಷನರಿನ ಜಿಡ್ಡಿಗೆ ಹಿಡಿದು ಮುಂದಿನ ತಲೆಸ್ನಾನದವರೆಗೂ ಹೋಗುವುದಿಲ್ಲ. ಒದ್ದೆ ಜಡೆ ಹೆಣೆಯುವುದಂತೂ ಬೇಡವೇ ಬೇಡ. ಮುಗ್ಗಲಿನ ಮೂಲ ಅದೇ.

ನೀರಿನ ವಿಷಯವೂ ಇದೆ. ಪಾತ್ರೆಯ ತಳದಲ್ಲಿ ಬಿಳಿ ಪೊರೆ ಕಟ್ಟುವ ಬೋರ್‌ವೆಲ್ ನೀರಾದರೆ ಕ್ಯಾಲ್ಸಿಯಂ, ಮೆಗ್ನೀಸಿಯಂ ಕೂದಲಿಗೆ ಹಿಡಿದು, ಕಂಡೀಷನರಿಗೆ ಸಿಗಬೇಕಾದ ಜಾಗವನ್ನು ಆಕ್ರಮಿಸುತ್ತವೆ. ಬಕೆಟಿನಲ್ಲಿ ಕೆಂಪು ಕಲೆ ನಿಲ್ಲುವ ನೀರಿನಲ್ಲಿ ಕಬ್ಬಿಣವಿದೆ, ಅದೂ ಹೀಗೆಯೇ. ಎಷ್ಟು ಕಂಡೀಷನರ್ ಹಾಕಿದರೂ ಕೂದಲು ಬಡಕಲಾಗಿದ್ದರೆ ಮೊದಲು ನೀರನ್ನು ಅನುಮಾನಿಸಿ. ಪಟ್ಟಿಯಲ್ಲಿ ‘ಇಡಿಟಿಎ’ ಇರುವ, ಖನಿಜ ತೆಗೆಯುವ ಶಾಂಪೂವನ್ನು ತಿಂಗಳಿಗೊಮ್ಮೆ ಬಳಸಿ. ಮಳೆಗಾಲದಲ್ಲಿ ಮಾಡಿನ ನೀರಿಗೆ ಇಂಥ ಖನಿಜವಿಲ್ಲ. ಮೊದಲ ಕೆಲವು ಮಳೆ ಕೊಳೆ ತೊಳೆದು ಹೋದ ಮೇಲೆ ಹಿಡಿದ, ಬಟ್ಟೆಯಲ್ಲಿ ಸೋಸಿದ ಮಳೆನೀರಿನಿಂದ ಕೊನೆಯ ಎರಡು ಚೊಂಬು ತೊಳೆದುಕೊಂಡರೆ ವ್ಯತ್ಯಾಸ ಅದೇ ದಿನ ಕಾಣುತ್ತದೆ.

ಕೆಟ್ಟರೆ ಎಲ್ಲಿ ಕೆಟ್ಟಿತು

ಒಣಗಿದ ಮೇಲೆ ಹೊಟ್ಟಿನಂಥ ಬಿಳಿ ಚೂರು ಉದುರುವುದು ಬಹಳ ಜನರ ದೂರು. ಲೀವ್-ಇನ್ ಮೇಲೆ ಜೆಲ್ ಹಚ್ಚುವವರಲ್ಲಿ ಇದು ಹೆಚ್ಚು. ಹಲವು ಜೆಲ್‌ಗಳನ್ನು ಗಟ್ಟಿ ಮಾಡುವ ಕಾರ್ಬೊಮರ್‌ಗೆ ಋಣ ವಿದ್ಯುದಂಶ, ಲೀವ್-ಇನ್‌ಗೆ ಧನ. ಎರಡೂ ಸೇರಿ ಒಡೆಯುತ್ತವೆ. ತಲೆಗೆ ಹಚ್ಚುವ ಮುಂಚೆ ಅಂಗೈಯಲ್ಲೇ ತಿಳಿಯಬಹುದು: ಒಂದು ಬೊಟ್ಟು ಲೀವ್-ಇನ್, ಒಂದು ಬೊಟ್ಟು ಜೆಲ್ ಇಟ್ಟು ಬೆರಳಿನಿಂದ ಬೆರೆಸಿ. ನುಣ್ಣಗೆ ಒಂದಾದರೆ ತಲೆಗೂ ಆಗುತ್ತದೆ. ಒಡೆದ ಹಾಲಿನಂತೆ ಗಂಟುಗಂಟಾಗಿ, ನಡುವೆ ನೀರು ಬಿಟ್ಟರೆ ಆ ಜೋಡಿ ಬೇಡ. ಉದುರುವುದು ನಿಜವಾದ ತಲೆಹೊಟ್ಟೇ ಆಗಿದ್ದರೆ ನೆತ್ತಿಯಲ್ಲೂ ಜಿಡ್ಡಿನ ಪದರ, ತುರಿಕೆ ಇರುತ್ತದೆ. ಅದಕ್ಕೆ ಶಿಲೀಂಧ್ರ ತಡೆಯುವ ಕಿಟೊಕೊನಜೋಲ್ ಶಾಂಪೂ ಹಚ್ಚಿ, ಮೂರರಿಂದ ಐದು ನಿಮಿಷ ಬಿಟ್ಟು ತೊಳೆದು, ಆಮೇಲೆ ಕಂಡೀಷನರನ್ನು ಉದ್ದದ ಕೂದಲಿಗಷ್ಟೇ ಹಚ್ಚಿ. ಕಡಿಮೆಯಾಗದಿದ್ದರೆ ಚರ್ಮದ ವೈದ್ಯರಿಗೆ ತೋರಿಸಿ.

ನೆತ್ತಿ ಚಪ್ಪಟೆ, ತುದಿ ಜೋತಾಡುತ್ತಿದ್ದರೆ ಪದರ ಹೆಚ್ಚಾಯಿತು. ಒಂದು ಸಲ ಜಿಡ್ಡು ಚೆನ್ನಾಗಿ ತೆಗೆಯುವ ಶಾಂಪೂವಿನಿಂದ ಎರಡು ಬಾರಿ ತೊಳೆದು, ಎರಡನೆಯ ಪದರ ಒಂದನ್ನೇ ಹಚ್ಚಿ ನೋಡಿ. ಕೂದಲು ಬಿರುಸಾಗಿ ಸದ್ದು ಮಾಡುತ್ತಿದ್ದರೆ ಪ್ರೋಟೀನ್ ನಿಲ್ಲಿಸಿ. ಬೆನ್ನಿನ ಮೇಲ್ಭಾಗದಲ್ಲಿ, ಹಣೆಯ ಅಂಚಿನಲ್ಲಿ ಸಣ್ಣ ಗುಳ್ಳೆ ಏಳುತ್ತಿದ್ದರೆ ಕಂಡೀಷನರ್ ಅಲ್ಲಿ ಉಳಿಯುತ್ತಿದೆ ಎಂದರ್ಥ. ತಲೆ ತೊಳೆದು, ಕೂದಲು ಮೇಲಕ್ಕೆ ಕಟ್ಟಿ, ಆಮೇಲೆ ಮೈಗೆ ಸೋಪು ಹಾಕುವ ಕ್ರಮಕ್ಕೆ ಬಂದರೆ ಹೆಚ್ಚಿನವರಿಗೆ ಇದು ನಿಲ್ಲುತ್ತದೆ.

ಯಾವ ಪದರ ನಿಮಗೆ ಬೇಕು, ಯಾವುದು ಬೇಡ ಎಂದು ತಿಳಿಯಲು ಹೊಸ ಬಾಟಲಿ ಕೊಳ್ಳಬೇಕಿಲ್ಲ. ಬೈತಲೆ ತೆಗೆದು ತಲೆಯನ್ನು ಎರಡು ಪಾಲು ಮಾಡಿ. ಎರಡೂ ಕಡೆ ಒಂದೇ ಶಾಂಪೂ, ಒಂದೇ ಕಂಡೀಷನರ್. ಬಲಗಡೆಗೆ ಮಾತ್ರ ಲೀವ್-ಇನ್ ಹಚ್ಚಿ. ಪೂರ್ತಿ ಒಣಗಿದ ಮೇಲೆ ಒಮ್ಮೆ, ಮರುದಿನ ಬೆಳಗ್ಗೆ ಎದ್ದು ಇನ್ನೊಮ್ಮೆ, ಎರಡೂ ಕಡೆಯ ತುದಿಗಳನ್ನು ಬೆರಳಲ್ಲಿ ಉಜ್ಜಿ ನೋಡಿ. ವ್ಯತ್ಯಾಸವೇ ಗೊತ್ತಾಗದಿದ್ದರೆ ಆ ಪದರ ಬಿಡಿ. ಮುಂದಿನ ವಾರ ಮಾಸ್ಕಿಗೂ ಇದೇ ಪರೀಕ್ಷೆ, ಅದರ ಮುಂದಿನ ವಾರ ಎಣ್ಣೆಗೆ. ಒಂದು ವಾರಕ್ಕೆ ಒಂದೇ ಪದರ ಬದಲಿಸಿ. ಮಳೆ ಹಿಡಿದ ಮೊದಲ ವಾರ, ಕಾಫಿ ಕೊಯ್ಲು ಶುರುವಾಗುವ ವಾರ, ವರ್ಷಕ್ಕೆ ಎರಡು ಸಲ ಈ ಪರೀಕ್ಷೆಯನ್ನು ಮತ್ತೆ ಮಾಡಬೇಕು.